ಥೀಸಿಸ್‌ನಲ್ಲಿ ‘ಇರಬಹುದು’ ಎಂದು ಬರೆದರೆ ವಾದ ಬಡಕಲಾಗುತ್ತದೆಯೇ?

‘ಇರಬಹುದು’, ‘ಅನಿಸುತ್ತದೆ’ ಕಂಡಲ್ಲೆಲ್ಲ ಗೈಡ್ ಕೆಂಪು ಗೀಟು ಎಳೆಯುತ್ತಾರೆ, ‘ನಾನು’ ಎಂದಂತೂ ಬರೆಯಲೇಬಾರದು ಅನ್ನುತ್ತಾರೆ, ಇದು ಸರಿಯೇ ಎಂದು ಕೇಳಿದ್ದೀರಿ. ಅರ್ಧ ಸರಿ. ಅಳುಕಿಗೆ ಬರೆದ ‘ಇರಬಹುದು’ ಹೋಗಲಿ. ಲೆಕ್ಕ ಹಾಕಿ ಬರೆದದ್ದನ್ನು ಬಿಡಬೇಡಿ.

ನನ್ನ ವಿಷಯ 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದ ಭೂಕುಸಿತದ ಬಗ್ಗೆ ಜನ ಆಡುವ ಮಾತು. ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: ‘ಇಳಿಜಾರು ಕಡಿದದ್ದೇ ಕುಸಿತಕ್ಕೆ ಕಾರಣ.’ ಮುಕ್ಕೋಡ್ಲು ಕಡೆ ನಾನು ಉಳಿದುಕೊಂಡಿದ್ದ ಮನೆಯ ಯಜಮಾನರಿಗೆ ಇದನ್ನು ಓದಿ ಹೇಳಿದೆ. ಅರ್ಧ ತೋಟ ಮಣ್ಣಿನ ಜೊತೆ ಹೋಗಿದ್ದ ಮನುಷ್ಯ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ವಾರದ ಮಳೆಯನ್ನು ನೀವು ನೋಡಿದ್ದೀರಾ?’ ಎಂದರು. ನೋಡಿರಲಿಲ್ಲ. ತಪ್ಪಿದ್ದು ಆ ‘ಏ’ಕಾರದಲ್ಲಿ. ‘ಕಡಿದದ್ದೂ ಒಂದು ಕಾರಣ’ ಎಂದು ತಿದ್ದಿದೆ. ಏ ಹೋಗಿ ಊ ಬಂತು, ಮಳೆಗೂ ಜಾಗ ಸಿಕ್ಕಿತು, ನನ್ನ ಮಾತನ್ನು ಅವರು ಒಪ್ಪುವ ದಾರಿಯೂ ತೆರೆಯಿತು. ಇಂಗ್ಲಿಷಿನ ಸಂಶೋಧಕರು ಇಡೀ ಪದ ಹಾಕಿ ಮಾಡುವ ಕೆಲಸವನ್ನು ನಮ್ಮಲ್ಲಿ ಒಂದು ಸ್ವರ ಮಾಡಿಬಿಡುತ್ತದೆ. ಹಾಗಾಗಿಯೇ ಅದು ಕಣ್ಣಿಗೆ ಬೀಳುವುದಿಲ್ಲ.

ಸಂಶೋಧನಾ ಬರಹದ ಇಂಥ ಮಾತುಗಳ ಬಗ್ಗೆ ಹೆಚ್ಚು ಕೆಲಸ ಮಾಡಿದವರಲ್ಲಿ ಭಾಷಾವಿಜ್ಞಾನಿ ಕೆನ್ ಹೈಲ್ಯಾಂಡ್ ಒಬ್ಬರು. 8 ವಿಷಯಗಳ 240 ಸಂಶೋಧನಾ ಲೇಖನಗಳನ್ನು ಹಿಡಿದು ಇಂಥ ಪದಗಳನ್ನು ಎಣಿಸಿದರು. ತತ್ತ್ವಶಾಸ್ತ್ರ, ಸಮಾಜಶಾಸ್ತ್ರದವರು ‘ಇರಬಹುದು’ ಮಾದರಿಯ ಮಾತನ್ನೂ ‘ನಾನು’ವನ್ನೂ ಹೆಚ್ಚು ಬಳಸುತ್ತಾರೆ, ಎಂಜಿನಿಯರಿಂಗ್‌ನವರು ಕಡಿಮೆ. ಎಂಜಿನಿಯರಿಗೆ ಧೈರ್ಯ ಜಾಸ್ತಿ ಅಂತಲ್ಲ. ಅಲ್ಲಿ ಅಳತೆ, ವಿಧಾನ ಎಲ್ಲರೂ ಒಪ್ಪಿಕೊಂಡದ್ದು. ನಮ್ಮಂಥ ವಿಷಯಗಳಲ್ಲಿ ಓದುಗನನ್ನು ಪ್ರತಿ ಪುಟದಲ್ಲೂ ಒಪ್ಪಿಸಬೇಕು. ನಿಮ್ಮ ಗೈಡ್ ಯಾವ ವಿಷಯದವರೋ ನೀವು ಹೇಳಿಲ್ಲ.

ಕೆಂಪು ಗೀಟು ಬೀಳಬೇಕಾದದ್ದು ನಿಜವಾಗಿ ‘ಎನ್ನಲಾಗುತ್ತದೆ’ಗೆ. ಒಬ್ಬರು ಅಜ್ಜಿ ನನಗೆ ಹೇಳಿದ್ದು: ‘ಗುಡ್ಡದ ಒಳಗಿಂದ ಸದ್ದು ಬಂತಂತೆ. ನನಗೆ ಕೇಳಲಿಲ್ಲ, ಸೊಸೆ ಕೇಳಿದ್ದು.’ ನಾನು ಬರೆದದ್ದು: ‘ಕುಸಿತಕ್ಕೆ ಮುನ್ನ ಶಬ್ದ ಕೇಳಿಬಂದಿತ್ತು ಎನ್ನಲಾಗುತ್ತದೆ.’ ವೈವಾದಲ್ಲಿ, ಅಂದರೆ ಥೀಸಿಸ್‌ನ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಆ ಸಾಲಿನ ಮೇಲೆ ಬೆರಳಿಟ್ಟು ‘ಯಾರಮ್ಮಾ ಅಂದದ್ದು?’ ಎಂದಾಗ ಬೆವರಿಳಿಯಿತು. ಶಾಲೆ ಮೆಟ್ಟಿಲು ಹತ್ತದ ಅಜ್ಜಿ ಒಂದು ‘ಅಂತೆ’ಯಲ್ಲಿ ತಾನು ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ಬೇರ್ಪಡಿಸಿದ್ದರು. ನಾನು ಗಾಂಭೀರ್ಯದ ಹೆಸರಲ್ಲಿ ಸೊಸೆಯನ್ನೇ ಅಳಿಸಿಬಿಟ್ಟಿದ್ದೆ.

ಗೌರವದ ಪ್ರಶ್ನೆ ಬೇರೆ. 1886ರಲ್ಲಿ ಕೊಡಗಿನ ಶಾಸನಗಳನ್ನು ಪ್ರಕಟಿಸಿದ ಶಾಸನತಜ್ಞ ಬಿ.ಎಲ್. ರೈಸ್ ‘ಹೇಳುತ್ತಾನೆ’ಯೋ ‘ಹೇಳುತ್ತಾರೆ’ಯೋ? ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತಾಪತ್ರಯವೇ ಇಲ್ಲ. ಎಲ್ಲರಿಗೂ ‘ಆರೆ’ ಹಾಕಿ, ಮುಖ್ಯವಾಗಿ ಯಾರ ಮಾತನ್ನು ಅಲ್ಲಗಳೆಯುತ್ತೀರೋ ಅವರಿಗೆ. ಒಬ್ಬರಿಗೆ ‘ಅವರು’, ಇನ್ನೊಬ್ಬರಿಗೆ ಬರೀ ಹೆಸರು ಎಂದಾದರೆ ನಿಮ್ಮ ಪಕ್ಷ ಯಾವುದೆಂದು ವಾದಕ್ಕೆ ಮೊದಲೇ ಗೊತ್ತಾಗುತ್ತದೆ.

ಇನ್ನು ‘ನಾನು’. ಸಂದರ್ಶನ ಮಾಡಿದ್ದು, ಆಯ್ಕೆ ಮಾಡಿದ್ದು, ತಪ್ಪಿದ್ದು ನೀವಾದರೆ ‘ನಾನು’ ಎಂದೇ ಬರೆಯಿರಿ. ಗೈಡ್ ಒಪ್ಪದಿದ್ದರೆ ಕ್ಷೇತ್ರಕಾರ್ಯದ ಅಧ್ಯಾಯಕ್ಕಾದರೂ ಅನುಮತಿ ಕೇಳಿ. ನಾನು ಕೇಳಲಿಲ್ಲ. ನನ್ನ ಥೀಸಿಸ್‌ನ ಎರಡನೇ ಅಧ್ಯಾಯದಲ್ಲಿ ಇವತ್ತಿಗೂ ಒಂದು ಸಾಲಿದೆ: ‘ಸಂಶೋಧಕಿಗೆ ಜಿಗಣೆ ಕಚ್ಚಿದ ಕಾರಣ ಸಂದರ್ಶನವನ್ನು ಮೊಟಕುಗೊಳಿಸಲಾಯಿತು.’