ಅಡಿಕೆ ಸುಲಿಯುವ ರಾತ್ರಿ: ಮೊದಲ ಕಿರುಚಿತ್ರದ ಬಗ್ಗೆ ನಿಮ್ಮ ಪ್ರಶ್ನೆಗಳು

ಸಾಗರ ಸೀಮೆಯ ಒಂದು ಮನೆಯ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿಯುತ್ತಿರುವ ಹೆಂಗಸರು. ಅವರ ನಡುವೆ ತಾಯಿ ಮತ್ತು ಮಗಳು. ತಾನು ಕಾಲೇಜು ಬಿಟ್ಟಿರುವ ಸಂಗತಿಯನ್ನು ಅಮ್ಮನಿಗೆ ಹೇಳಲು ಮಗಳು ಹೊತ್ತು ಕಾಯುತ್ತಾಳೆ. ಈ ಕಥೆಯ 14 ನಿಮಿಷಗಳ ಕಿರುಚಿತ್ರವನ್ನು ಮಾಡಿದ ಸಿನಿಮಾ ನಿರ್ದೇಶನದ ವಿದ್ಯಾರ್ಥಿನಿ ಈ ಸಂಚಿಕೆಯಲ್ಲಿ ಓದುಗರಿಗೆ ಉತ್ತರಿಸಿದ್ದಾರೆ. ಇದು ಅವರ ಮೊದಲ ಚಿತ್ರ.

ಮೊದಲ ಚಿತ್ರಕ್ಕೆ ಕಥೆ ಹುಡುಕುವುದೇ ಕಷ್ಟವಾಗಿದೆ. ಗೆಳೆಯರು ಕೊಲೆ, ಪತ್ತೇದಾರಿ ಕಥೆ ಮಾಡೋಣ ಎನ್ನುತ್ತಾರೆ. ನಿಮಗೆ ಈ ಕಥೆ ಹೇಗೆ ಸಿಕ್ಕಿತು?
— ಪದವಿ ವಿದ್ಯಾರ್ಥಿ, ಹಾವೇರಿ

ನನಗೆ ಕಥೆಗಿಂತ ಮೊದಲು ಜಾಗ ಸಿಕ್ಕಿತು. ನನ್ನ ದೊಡ್ಡಮ್ಮನ ಮನೆ ಸಾಗರದ ಹತ್ತಿರದ ಹಳ್ಳಿಯಲ್ಲಿದೆ. ಕೊನೆ (ಅಡಿಕೆ ಗೊನೆ) ಕೊಯ್ಲು ಶುರುವಾಯಿತೆಂದರೆ ಆ ಮನೆಯ ಅಂಗಳಕ್ಕೆ ನಿದ್ದೆಯಿಲ್ಲ. ಹಗಲು ಕೊನೆಗೌಡ, ಅಂದರೆ ಮರ ಹತ್ತಿ ಗೊನೆ ಕೊಯ್ಯುವವನು, ಮರದಿಂದ ಇಳಿಸಿದ್ದು ಸಂಜೆಯ ಹೊತ್ತಿಗೆ ಅಂಗಳದಲ್ಲಿ ರಾಶಿ ಬೀಳುತ್ತದೆ. ಊಟ ಮುಗಿಸಿದ ಹೆಂಗಸರು ಬಂದು ಮೆಟ್ಟುಗತ್ತಿಯ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿಯ) ಮುಂದೆ ಸಾಲಾಗಿ ಕೂರುತ್ತಾರೆ. ಹಸಿ ಅಡಿಕೆ ಯಾರಿಗೂ ಕಾಯುವುದಿಲ್ಲ. ಬೇಗ ಸುಲಿದು ಬೇಯಿಸದಿದ್ದರೆ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಚಿಕ್ಕಂದಿನಿಂದ ಆ ಸಾಲಿನ ಹಿಂದೆ ಕೂತು ಕೇಳಿದವಳು ನಾನು. ಊರಿನ ಸುದ್ದಿಯೆಲ್ಲ ಅಲ್ಲಿ ಹಾದುಹೋಗುತ್ತದೆ, ಅವರವರ ಮನೆಯ ನೋವೊಂದು ಬಿಟ್ಟು. ಹಾಗಿರುವಾಗ ಅಲ್ಲಿ ಕೂತ ಹುಡುಗಿಯೊಬ್ಬಳಿಗೆ ಪಕ್ಕದಲ್ಲೇ ಇರುವ ಅಮ್ಮನಿಗೆ ಮಾತ್ರ ಏನನ್ನಾದರೂ ಹೇಳಬೇಕಿದ್ದರೆ? ಕಥೆ ಹುಟ್ಟಿದ್ದು ಅಲ್ಲಿ.

ಸುಲಿಯುವ ಯಂತ್ರಗಳು ಬಂದ ಮೇಲೆ ಈ ಸಾಲುಗಳು ತೆಳುವಾಗುತ್ತಿವೆ. ಯಂತ್ರ ಬೇಡವೆಂದು ಹೇಳುವ ಹಕ್ಕು ನನಗಿಲ್ಲ, ರಾತ್ರಿಯಿಡೀ ಬೆನ್ನು ಬಾಗಿಸಿ ಕೂರುವವಳು ನಾನಲ್ಲವಲ್ಲ. ಆದರೆ ಆ ಸಾಲಿನ ಮಾತು ಹೇಗಿತ್ತೆಂಬುದು ಎಲ್ಲಾದರೂ ಉಳಿಯಬೇಕೆಂದು ತೀವ್ರವಾಗಿ ಅನ್ನಿಸಿತು.

ಕೊಲೆಯ ಕಥೆ ಮಾಡಬಾರದೆಂದೇನಿಲ್ಲ. ಠಾಣೆಯೊಳಗೆ ಒಮ್ಮೆಯೂ ಕೂತಿರದವರು ಠಾಣೆಯ ದೃಶ್ಯ ಬರೆದರೆ ಅದು ಹಿಂದೆ ನೋಡಿದ ಸಿನಿಮಾಗಳ ಠಾಣೆಯೇ ಆಗಿಬಿಡುತ್ತದೆ, ಅಷ್ಟೇ ನನ್ನ ಅಂಜಿಕೆ. ನಿಮ್ಮ ಜಿಲ್ಲೆಯಲ್ಲೇ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಇದೆ. ಹಂಗಾಮಿನಲ್ಲಿ ಅಲ್ಲಿ ಘಾಟಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುವವರನ್ನು ನೋಡಿದ್ದೀರಲ್ಲ? ಕಣ್ಣು ಮಾತ್ರ ಕಾಣುವ ಜನ ಪರಸ್ಪರ ಏನು ಮಾತನಾಡುತ್ತಾರೆ ಎಂಬುದಷ್ಟನ್ನೇ ಕೇಳಿಸಿಕೊಂಡು ಬನ್ನಿ. ಗೆಳೆಯರನ್ನೂ ಕರೆದುಕೊಂಡು ಹೋಗಿ.

ನಮ್ಮದೂ ಅಡಿಕೆ ಮನೆ. ಚಿತ್ರೀಕರಣಕ್ಕಾಗಿ ಸುಲಿಯುವವರನ್ನು ಮತ್ತೆ ಮತ್ತೆ ನಿಲ್ಲಿಸಿದರೆ ಅವರ ಕೂಲಿಯ ಗತಿ ಏನು? ನೀವು ಹೇಗೆ ನಿಭಾಯಿಸಿದಿರಿ?
— ಗೃಹಿಣಿ, ಶಿರಸಿ

ಈ ಪ್ರಶ್ನೆಯನ್ನು ಯಾರಾದರೂ ಕೇಳಲೆಂದು ಕಾದಿದ್ದೆ ಅಕ್ಕಾ. ಸಿನಿಮಾದವರು ಹೆಚ್ಚಾಗಿ ಕೇಳುವುದು ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂದು.

ಸುಲಿಯುವವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ ಎಂಬುದು ನಿಮಗೆ ಗೊತ್ತೇ ಇದೆ. ಕೈ ನಿಂತರೆ ಡಬ್ಬ ತುಂಬುವುದಿಲ್ಲ. ‘ಸ್ವಲ್ಪ ನಿಲ್ಲಿ, ಇನ್ನೊಮ್ಮೆ ಮಾಡಿ’ ಎಂದು ನಾನು ಎಷ್ಟು ಸಲ ಹೇಳಿದರೂ ಅದರ ನಷ್ಟ ಅವರದು. ಆದ್ದರಿಂದ ಚಿತ್ರಕಥೆ ಬರೆಯುವಾಗಲೇ ನಮ್ಮ ತಂಡ ಒಂದು ಕಟ್ಟುಪಾಡು ಹಾಕಿಕೊಂಡಿತು: ಕ್ಯಾಮೆರಾಕ್ಕಾಗಿ ಯಾರ ಕತ್ತಿಯೂ ನಿಲ್ಲಬಾರದು. ತಾಯಿ, ಮಗಳು ಇಬ್ಬರೇ ನಟಿಯರು. ಉಳಿದವರೆಲ್ಲ ಅಲ್ಲಿ ನಿಜವಾಗಿ ಸುಲಿಯಲು ಬಂದವರು. ಡಬ್ಬದ ಕೂಲಿ ಅವರಿಗೆ ಮನೆಯವರಿಂದ ಎಂದಿನಂತೆ ಸಿಗುತ್ತಿತ್ತು. ಅದಲ್ಲದೆ ಚಿತ್ರದಲ್ಲಿ ಕಾಣಿಸಿಕೊಳ್ಳುವುದಕ್ಕೆ ಒಂದು ರಾತ್ರಿಯ ದುಡಿಮೆಯಷ್ಟು ಹಣವನ್ನು ನಾವು ಮೊದಲೇ ಕೈಗಿತ್ತೆವು. ಮುಖ ತೋರಿಸಲು ಇಷ್ಟವಿಲ್ಲ ಎಂದವರು ಕ್ಯಾಮೆರಾದ ಹಿಂಬದಿಯ ಸಾಲಿನಲ್ಲಿ ಕೂತರು, ಅವರ ಮಾತು ಮಾತ್ರ ಚಿತ್ರದಲ್ಲಿದೆ. ಅದಕ್ಕೂ ಅವರನ್ನು ಕೇಳಿಯೇ ಒಪ್ಪಿಗೆ ಪಡೆದೆವು.

ಈ ಒಂದು ಕಟ್ಟುಪಾಡಿನಿಂದ ಉಳಿದದ್ದೆಲ್ಲ ಬದಲಾಯಿತು. ಸಾಮಾನ್ಯವಾಗಿ ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ಬೆಳಕು, ಜಾಗ, ನಟರ ಬಿಡುವು ನೋಡಿಕೊಂಡು ಕೊನೆಯ ದೃಶ್ಯವನ್ನು ಮೊದಲು ತೆಗೆಯುವುದೂ ಉಂಟು. ನಮಗೆ ಅದು ಸಾಧ್ಯವಿರಲಿಲ್ಲ. ರಾಶಿ ಕರಗುತ್ತಾ ಹೋಗುತ್ತದೆ, ಡಬ್ಬ ತುಂಬುತ್ತದೆ, ಸಿಪ್ಪೆಯ ಗುಡ್ಡೆ ಏರುತ್ತದೆ. ಮಗಳ ಮಾತನ್ನು ಒಂಬತ್ತು ಗಂಟೆಗೂ ಅಮ್ಮನ ಉತ್ತರವನ್ನು ಹನ್ನೊಂದಕ್ಕೂ ತೆಗೆದರೆ ಸಂಕಲನದ ಮೇಜಿನಲ್ಲಿ ಅವೆರಡೂ ಕೂಡಿಕೊಳ್ಳುವುದೇ ಇಲ್ಲ. ಹಾಗಾಗಿ ಕಥೆಯ ಕ್ರಮದಲ್ಲೇ, ಉದ್ದುದ್ದದ ಶಾಟ್‌ಗಳಲ್ಲಿ ತೆಗೆದೆವು. ಕ್ಯಾಮೆರಾ ಜಾಗ ಬದಲಿಸುತ್ತಿದ್ದುದು ಅವರು ಚಹಾಕ್ಕೆ ಏಳುವಾಗ ಮಾತ್ರ.

ಕೈಗಳ ವಿಷಯ ಬೇರೆಯೇ. ಹಸಿ ಅಡಿಕೆಯ ಕರೆ ಬೆರಳಿಗೆ ಹತ್ತಿದರೆ ಸೋಪಿಗೆ ಬಗ್ಗುವುದಿಲ್ಲ, ಕಪ್ಪಾಗುತ್ತಲೇ ಹೋಗುತ್ತದೆ. ತಾಯಿಯ ಪಾತ್ರ ಮಾಡಿದವರು ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಪಡೆದವರು. ಬಣ್ಣ ಹಚ್ಚಿ ಕರೆ ತೋರಿಸೋಣವೆಂದರೆ ಅವರು ಒಪ್ಪಲಿಲ್ಲ. ಚಿತ್ರೀಕರಣಕ್ಕೆ ಸಾಕಷ್ಟು ಮುಂಚೆ ಬಂದು, ದೊಡ್ಡಮ್ಮನ ಮನೆಯಲ್ಲೇ ಉಳಿದು, ಆ ಹೆಂಗಸರಿಂದಲೇ ಸುಲಿಯುವುದನ್ನು ಕಲಿತರು. ಪರದೆಯ ಮೇಲೆ ಕಾಣುವುದು ಅವರ ಬೆರಳುಗಳದೇ ಕರೆ. ಅದನ್ನು ನೋಡುವಾಗಲೆಲ್ಲ ನನಗೆ ಅವರ ಮೇಲಿನ ಗೌರವ ಹೆಚ್ಚುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಇಡೀ ಚಿತ್ರದಲ್ಲಿ ನಿಲ್ಲುವುದು ಒಂದೇ ಒಂದು ಕತ್ತಿ. ‘ನಾನು ಕಾಲೇಜಿಗೆ ಹೋಗುತ್ತಿಲ್ಲ’ ಎಂದು ಮಗಳು ಹೇಳಿದಾಗ ಅಮ್ಮನದು. ಉಳಿದ ಕತ್ತಿಗಳು ನಡೆಯುತ್ತಲೇ ಇರುವುದರಿಂದ ಅದು ನಿಂತದ್ದು ಕೇಳಿಸುತ್ತದೆ. ಕೂಲಿ ಕೆಡಬಾರದೆಂದು ಮಾಡಿಕೊಂಡ ಏರ್ಪಾಡೇ ನನ್ನ ಚಿತ್ರಕ್ಕೆ ಅದರ ಅತ್ಯಂತ ಮುಖ್ಯವಾದ ಗಳಿಗೆಯನ್ನು ಕೊಟ್ಟಿತು. ಕುರ್ಚಿಯಲ್ಲಿ ಕೂತು ಯೋಚಿಸಿದ್ದರೆ ಅದು ನನಗೆ ಎಂದೂ ಹೊಳೆಯುತ್ತಿರಲಿಲ್ಲ.

ಅಷ್ಟು ಮಾತಿನ ನಡುವೆ ತಾಯಿ ಮಗಳ ಪಿಸುಮಾತು ಅಷ್ಟು ಸ್ಪಷ್ಟವಾಗಿ ಕೇಳುವುದು ಹೇಗೆ?
— ರಂಗಕರ್ಮಿ, ಧಾರವಾಡ

ನಟಿಯರಿಬ್ಬರ ಸೆರಗಿನ ಒಳಗೆ ಪುಟ್ಟ ಮೈಕುಗಳಿದ್ದವು. ಸಾಲಿನ ಮಾತಿಗೆ ಉದ್ದ ಕೋಲಿನ ಬೂಮ್ ಮೈಕ್. ಎಲ್ಲವೂ ಕ್ಯಾಮೆರಾದಲ್ಲಿ ಅಲ್ಲದೆ ಬೇರೆ ರೆಕಾರ್ಡರ್‌ನಲ್ಲಿ, ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಮುದ್ರಣವಾದವು. ಹಾಗಿದ್ದರೆ ಮಾತ್ರ ಆಮೇಲೆ ಒಂದನ್ನು ಏರಿಸಿ ಇನ್ನೊಂದನ್ನು ತಗ್ಗಿಸಲು ಬರುತ್ತದೆ. ಚಿತ್ರ ಮತ್ತು ಧ್ವನಿ ಹೊಂದಿಸಲು ಹೊಡೆಯುವ ಕ್ಲ್ಯಾಪ್ ಅನ್ನು ಶಾಟ್‌ನ ಆರಂಭಕ್ಕೆ ಬದಲು ಕೊನೆಯಲ್ಲಿ ಹೊಡೆದೆವು, ಕೆಲಸದಲ್ಲಿದ್ದವರು ಬೆಚ್ಚಬಾರದೆಂದು. ಬೆರಳಿನ ಪಕ್ಕದಲ್ಲೇ ಕತ್ತಿ ಇದೆಯಲ್ಲ.

ಎಲ್ಲರೂ ಎದ್ದುಹೋದ ಮೇಲೆ ನಮ್ಮ ಧ್ವನಿ ವಿದ್ಯಾರ್ಥಿ ಅಂಗಳದಲ್ಲಿ ಒಬ್ಬನೇ ನಿಂತು ಬರಿಯ ಅಂಗಳದ ಸದ್ದನ್ನು ಹಿಡಿದ: ಜೀರುಂಡೆ, ಹಂಡೆಯ ಕೆಳಗಿನ ಬೆಂಕಿ, ದೂರದ ನಾಯಿ. ಮಾತಿನ ಎರಡು ತುಂಡುಗಳನ್ನು ಕತ್ತರಿಸಿ ಜೋಡಿಸಿದಾಗ ನಡುವೆ ಉಂಟಾಗುವ ಬೋಳು ಜಾಗವನ್ನು ತುಂಬುವುದು ಇದೇ. ಪ್ರತಿ ಜಾಗದಲ್ಲೂ ಕನಿಷ್ಠ ಒಂದು ನಿಮಿಷ ಇದನ್ನು ಮುದ್ರಿಸಿಕೊಳ್ಳಿ. ಅದರ ಸದ್ದು ಸೇರದಂತೆ ಅಡುಗೆಮನೆಯ ಫ್ರಿಜ್ ಆರಿಸುವುದನ್ನು ಮರೆಯಬೇಡಿ.

ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದೇನೆ. ಬಲ್ಬಿನ ಬೆಳಕಿನಲ್ಲಿ ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡುತ್ತವೆ. ಮೊಬೈಲ್ ಹಾಳಾಗಿದೆಯೇ?
— ಐಟಿಐ ವಿದ್ಯಾರ್ಥಿ, ಕಲಬುರಗಿ

ಹಾಳಾಗಿಲ್ಲ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಆವರ್ತ, ಪ್ರತಿ ಆವರ್ತದಲ್ಲಿ ಎರಡು ಏರಿಳಿತ. ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ತಿಳಿಯದ ಈ ಮಿನುಗು ಕ್ಯಾಮೆರಾಕ್ಕೆ ತಿಳಿಯುತ್ತದೆ. ಶಟರ್ ವೇಗವನ್ನು (ಒಂದೊಂದು ಫ್ರೇಮ್ ಬೆಳಕು ಹಿಡಿಯುವ ಹೊತ್ತನ್ನು) ಕೈಯಾರೆ ನಿಗದಿಪಡಿಸಲು ಬಿಡುವ ಆ್ಯಪ್ ಹಾಕಿಕೊಂಡು, ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಎಂದು ಇಡಿ. 1/100 ಕೂಡ ಆಗುತ್ತದೆ. ಮೊಬೈಲ್ ತಾನೇ ವೇಗ ಬದಲಿಸಲು ಬಿಟ್ಟರೆ ಪಟ್ಟೆ ಮರಳಿ ಬರುತ್ತದೆ. ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳು ಇದಕ್ಕೂ ಜಗ್ಗುವುದಿಲ್ಲ. ಅವನ್ನು ತೆಗೆದು ಬೇರೆ ಬಲ್ಬು ಹಾಕುವುದೇ ದಾರಿ. ನಾವು ಅಂಗಳದ ದೀಪಗಳನ್ನೆಲ್ಲ ಮೊದಲೇ ಒಂದೊಂದಾಗಿ ಪರೀಕ್ಷಿಸಿದ್ದೆವು.

ಖರ್ಚು ಎಲ್ಲಿ ಹೆಚ್ಚಾಯಿತು?
— ಓದುಗ, ಕೋಲಾರ

ಊಟ ಮತ್ತು ಪ್ರಯಾಣಕ್ಕೆ. ಅದರ ನಂತರ ಮೈಕುಗಳ ಬಾಡಿಗೆಗೆ. ಕ್ಯಾಮೆರಾ ನಾವು ಓದುವಲ್ಲಿಂದಲೇ ಸಿಕ್ಕಿತು. ಎಲ್ಲಿ ಹಣ ಉಳಿಸಿದರೂ ಊಟದಲ್ಲಿ ಉಳಿಸಬೇಡಿ. ನಿದ್ದೆಗೆಟ್ಟು ಹಂಬಲದಿಂದ ಬಂದ ಗೆಳೆಯರಿಗೆ ಬಿಸಿ ಅನ್ನ ಹಾಕಬೇಕು.

ಅಡಿಕೆ ಸುಲಿಯುವಲ್ಲಿ ರೇಡಿಯೋ ಇರಲೇಬೇಕು. ನಿಮ್ಮ ಚಿತ್ರದಲ್ಲಿ ಹಳೆಯ ಹಾಡುಗಳೇ ಇಲ್ಲ. ಏಕೆ?
— ನಿವೃತ್ತ ಕಾರ್ಮಿಕ, ಭದ್ರಾವತಿ

ನೀವು ಹೇಳುವುದು ನಿಜ. ದೊಡ್ಡಮ್ಮನ ಮನೆಯಲ್ಲೂ ನಿಮ್ಮ ಊರಿನ ಆಕಾಶವಾಣಿಯೇ ಹಾಡುತ್ತದೆ. ಆದರೆ ಹಿನ್ನೆಲೆಯಲ್ಲಿ ತೇಲಿ ಬರುವ ಚಿತ್ರಗೀತೆಗೂ ಹಕ್ಕುದಾರರಿದ್ದಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತದ ಹಕ್ಕು ಅವನ್ನು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಮುದ್ರಿತ ಧ್ವನಿಯ ಹಕ್ಕು ಬೇರೆ, ಅದು ಪ್ರಕಟವಾದಾಗಿನಿಂದ 60 ವರ್ಷ. ಎರಡಕ್ಕೂ ಅನುಮತಿ ಬೇಕು. ಅದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ, ಕದಿಯುವ ಮನಸ್ಸೂ ಇರಲಿಲ್ಲ. ಹಾಗಾಗಿ ರೇಡಿಯೋ ಆರಿಸಿದೆವು.

ಆರಿಸಿದ ಸ್ವಲ್ಪ ಹೊತ್ತಿಗೆ ಸಾಲಿನಲ್ಲಿದ್ದ ಒಬ್ಬ ಅಜ್ಜಿ ತಾವಾಗಿ ಮದುವೆಯ ಹಾಡೊಂದನ್ನು ಎತ್ತಿಕೊಂಡರು. ಪರಂಪರೆಯ ಹಾಡಿಗೆ ಒಡೆಯರಿಲ್ಲದಿರಬಹುದು, ಹಾಡಿದ ಕೊರಳಿಗೆ ಹಕ್ಕಿದೆ. ಕಾಯ್ದೆಯೂ ಪ್ರದರ್ಶಕರ ಹಕ್ಕನ್ನು 50 ವರ್ಷಗಳ ಕಾಲ ಮಾನ್ಯ ಮಾಡುತ್ತದೆ. ಬೆಳಿಗ್ಗೆ ಅವರ ಮನೆಗೆ ಹೋಗಿ, ಹಾಡನ್ನು ಅವರಿಗೇ ಕೇಳಿಸಿ, ಒಪ್ಪಿಗೆ ಪಡೆದು ಹಣ ಕೊಟ್ಟು ಬಂದೆವು.

ಮಗಳು ಸಿನಿಮಾ ಓದುತ್ತೇನೆ ಎನ್ನುತ್ತಾಳೆ. ಅವಳ ಬದುಕಿನ ಚಿಂತೆ ನನಗೆ. ಏನು ಮಾಡಲಿ?
— ತಂದೆ, ತುಮಕೂರು

ನಿಮ್ಮ ಚಿಂತೆ ನನ್ನ ಅಪ್ಪನದೂ ಆಗಿತ್ತು, ಈಗಲೂ ಪೂರ್ತಿ ಹೋಗಿಲ್ಲ. ನಿರ್ದೇಶನ ಕಲಿತ ಕೂಡಲೇ ಸಂಬಳ ಬರುತ್ತದೆಂದು ನಾನು ಹೇಳಲಾರೆ. ಧ್ವನಿ, ಸಂಕಲನ, ಛಾಯಾಗ್ರಹಣ ಕಲಿತವರಿಗೆ ಧಾರಾವಾಹಿ, ಜಾಹೀರಾತು, ಸುದ್ದಿವಾಹಿನಿಗಳಲ್ಲೂ ಕೆಲಸ ಇರುತ್ತದೆ. ಹೆಸರಘಟ್ಟದಲ್ಲಿರುವ ರಾಜ್ಯ ಸರ್ಕಾರದ ಚಲನಚಿತ್ರ ಸಂಸ್ಥೆ ಛಾಯಾಗ್ರಹಣ ಮತ್ತು ಧ್ವನಿಮುದ್ರಣದ ಡಿಪ್ಲೊಮಾ ತರಬೇತಿಗೆ ಹೆಸರಾದದ್ದು. 1960ರಲ್ಲಿ ಶುರುವಾದ ಪುಣೆಯ ಸಂಸ್ಥೆ, 1995ರಲ್ಲಿ ಶುರುವಾದ ಕೋಲ್ಕತ್ತದ ಸತ್ಯಜಿತ್ ರಾಯ್ ಸಂಸ್ಥೆ ಕೇಂದ್ರ ಸರ್ಕಾರದವು. ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು.

ಮೈಸೂರಿನಲ್ಲಿ ವೈದ್ಯಕೀಯ ಓದಿದ್ದ ಚಿದಾನಂದ ಎಸ್. ನಾಯ್ಕ ಅವರು ಪುಣೆಗೆ ಹೋಗಿ, ಆಗ ಒಂದು ವರ್ಷದ್ದಾಗಿದ್ದ ಟೆಲಿವಿಷನ್ ಕೋರ್ಸ್ ಸೇರಿ, ವರ್ಷದ ಕೊನೆಗೆ ಮಾಡಿದ ಕನ್ನಡ ಕಿರುಚಿತ್ರ 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತು. ನಮ್ಮ ಅಜ್ಜಿಯರು ಹೇಳುವ ಕೋಳಿ ಕದ್ದ ಮುದುಕಿಯ ಕಥೆ ಅದು. ಎಲ್ಲರಿಗೂ ಹಾಗಾಗುತ್ತದೆಂದು ಇದನ್ನು ಹೇಳುತ್ತಿಲ್ಲ. ಮಗಳು ಫಾರ್ಮ್ ತುಂಬುವ ಮೊದಲು ಮೊಬೈಲಿನಲ್ಲೇ ಐದು ನಿಮಿಷದ ಒಂದು ಚಿತ್ರ ಮಾಡಲಿ, ನೀವು ಅದರಲ್ಲಿ ಟಾರ್ಚ್ ಹಿಡಿಯಿರಿ. ಅವಳು ಈ ಕೆಲಸವನ್ನು ಎಷ್ಟು ಬಯಸುತ್ತಾಳೆಂದು ನಿಮಗೆ ಕಣ್ಣಾರೆ ಕಾಣುತ್ತದೆ.

ಆ ಹೆಂಗಸರು ಚಿತ್ರ ನೋಡಿದರೇ? ಏನೆಂದರು?
— ನಿವೃತ್ತ ಶಿಕ್ಷಕಿ, ಸಾಗರ

ಮೊದಲು ನೋಡಿದವರೇ ಅವರು. ಅದೇ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ನೀನಾಸಂ ಚಿತ್ರಸಮಾಜದ ಮೂಲಕ ಜಗತ್ತಿನ ಒಳ್ಳೆಯ ಸಿನಿಮಾಗಳನ್ನು ನೋಡುತ್ತ ಬಂದ ಸೀಮೆ ನಿಮ್ಮದು ಮೇಡಂ, ಸುಮ್ಮನೆ ಹೊಗಳಿ ಕಳುಹಿಸುವವರಲ್ಲ. ‘ಮಗಳು ಹೇಳಿದ ಮೇಲೆ ಅಮ್ಮ ಅಷ್ಟು ಹೊತ್ತು ಸುಮ್ಮನಿರುವುದಿಲ್ಲ, ಬೈಯುತ್ತಾಳೆ’ ಎಂದರು ಒಬ್ಬರು. ‘ಎಲ್ಲರ ಎದುರು ಬೈಯುತ್ತಾಳೆಯೇ, ಮನೆಗೆ ಹೋಗಿ ಬೈಯುತ್ತಾಳೆ’ ಎಂದರು ಇನ್ನೊಬ್ಬರು. ಚರ್ಚೆ ಚಿತ್ರಕ್ಕಿಂತ ಉದ್ದವಾಯಿತು. ಒಬ್ಬರು ಹೆಸರುಗಳ ಪಟ್ಟಿಯಲ್ಲಿ ತಮ್ಮ ಹೆಸರಿನ ಜೊತೆ ಮಗಳ ಹೆಸರೂ ಇರಲಿ ಎಂದು ಕೇಳಿದರು. ಆ ರಾತ್ರಿ ಮಗಳೂ ಅವರ ಜೊತೆ ಸುಲಿದಿದ್ದಳು. ಸೇರಿಸಿದೆವು.

ಉತ್ಸವಗಳಿಗೆ ಕಳುಹಿಸಲು ಏನೇನು ಸಿದ್ಧವಿರಬೇಕು?
— ಕಿರುಚಿತ್ರ ತಂಡ, ಮಂಗಳೂರು

ಅವಧಿ ನೋಡಿಕೊಳ್ಳಿ. ಆಸ್ಕರ್ ನಿಯಮದಲ್ಲಿ ಹೆಸರುಗಳ ಪಟ್ಟಿಯೂ ಸೇರಿ 40 ನಿಮಿಷದವರೆಗಿನದು ಕಿರುಚಿತ್ರ. ಅನೇಕ ಉತ್ಸವಗಳ ಮಿತಿ ಇದಕ್ಕಿಂತ ಕಡಿಮೆ. ಸಂಗೀತ, ಜಾಗ ಮತ್ತು ಕಾಣಿಸಿಕೊಂಡವರ ಒಪ್ಪಿಗೆ ಪತ್ರಗಳು ಒಂದೇ ಕಡತದಲ್ಲಿರಲಿ. ಇಂಗ್ಲಿಷ್ ಉಪಶೀರ್ಷಿಕೆ ಬೇಕೇ ಬೇಕು. ಅದನ್ನು ಕೊನೆಯ ರಾತ್ರಿಗೆ ಬಿಡಬೇಡಿ, ನಿಮ್ಮ ಊರಿನ ಮಾತು ಬಲ್ಲವರಿಂದಲೇ ಮಾಡಿಸಿ. ಒಂದು ಬಾರಿಗೆ ಎರಡು ಸಾಲು ಸಾಕು. ಆಮೇಲೆ ಕನ್ನಡ ಬಾರದ ಒಬ್ಬರನ್ನು ಕೂರಿಸಿ ಇಡೀ ಚಿತ್ರ ತೋರಿಸಿ, ಅವರ ಕಣ್ಣು ಮುಖದಿಂದ ಅಕ್ಷರಕ್ಕೆ ಎಲ್ಲಿ ಜಾರಿ ಅಲ್ಲೇ ಉಳಿಯುತ್ತದೆಂದು ಗುರುತು ಹಾಕಿಕೊಳ್ಳಿ. ಆ ಜಾಗಗಳಲ್ಲಿ ಪದ ಕಡಿಮೆ ಮಾಡಿ.