ಪಿಲ್ಸ್ ಟೇಸ್ಟಿಂಗಿಗೆ ಕರೆದಿದ್ದಾರೆ, ಏನನ್ನಲಿ ಎಂದ ಗಂಗಾವತಿಯ ತಮ್ಮನಿಗೆ

ತಮ್ಮಾ,

ನಿನ್ನ ಮೆಸೇಜು ಓದಿದೆ. ಅಕ್ಟೋಬರಿನಲ್ಲಿ ಜರ್ಮನಿಯ ನ್ಯೂರೆಂಬರ್ಗಿಗೆ ಬರ್ತಿದ್ದೀ. ಕೆಲಸಕ್ಕೆ ಸೇರುವ ಮೊದಲೇ ಟೀಮಿನವರು ಯಾವುದೋ ಹಳ್ಳಿಯ ಸಣ್ಣ ಬ್ರೂವರಿಗೆ ಪಿಲ್ಸ್, ಅಂದರೆ ತಿಳಿ ಬಣ್ಣದ ಕಹಿ ಬಿಯರಿನ, ರುಚಿ ನೋಡಲು ಬಾ ಅಂತ ಮೇಲ್ ಹಾಕಿದ್ದಾರೆ. ಮನೆಯಲ್ಲಿ ಯಾರೂ ಮುಟ್ಟಿದವರಲ್ಲ, ನೀನೂ ಮುಟ್ಟಿಲ್ಲ. "ಒಲ್ಲೆ ಅಂದ್ರ ಬ್ಯಾಸರ ಮಾಡ್ಕೋತಾರೇನ್ರಿ ಅಣ್ಣಾರ?" ಅಂತ ಕೇಳಿದ್ದೀ. ಜೊತೆಗೆ ಬಾಡಿಗೆ, ಚಳಿ, ಊಟ, ಏನೇನು ಕಟ್ಟಿಕೊಂಡು ಬರಬೇಕು ಅಂತಾನೂ.

ಮೊದಲು ಸಣ್ಣಪುಟ್ಟವು ಮುಗಿಸಿಬಿಡ್ತೀನಿ. ಮನೆ ಹುಡುಕುವುದನ್ನು ಇವತ್ತೇ ಶುರು ಮಾಡು, ಕಣ್ಣಾರೆ ನೋಡದ ಮನೆಗೆ ಮುಂಗಡ ಕಳಿಸಬೇಡ, ಮನೆ ಸೇರಿಕೊಂಡ ಎರಡು ವಾರದೊಳಗೆ ವಿಳಾಸ ನೋಂದಾಯಿಸು. ಜಾಕೀಟು ಅಲ್ಲಿ ಕೊಳ್ಳಬೇಡ, ಗಂಗಾವತಿಯ ಸ್ವೆಟರು ಇಲ್ಲಿನ ಚಳಿಗೆ ಏನೇನೂ ಸಾಲದು. ನಾನು ಬಂದಿದ್ದು ನವೆಂಬರಿನಲ್ಲಿ. ನಾಲ್ಕೂವರೆಗೇ ಕತ್ತಲು. ಊರಲ್ಲಿ ಆಗ ರಾತ್ರಿ ಒಂಬತ್ತು. ಅವ್ವ ಫೋನ್ ಮಾಡಿ "ಉಂಡ್ಯೇನಪಾ?" ಅಂದಾಗ ನಾನಿನ್ನೂ ಆಫೀಸಿನಲ್ಲೇ ಕೂತಿರುತ್ತಿದ್ದೆ. ಹೂಂ ಅಂತಿದ್ದೆ, ಸುಮ್ಮನೆ.

ಊಟದ ಚಿಂತೆ ಬೇಡ, ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿ ಸಿಗುತ್ತೆ. ಗಂಗಾವತಿಯವರಿಗೆ ಅದು ಒಪ್ಪಿಗೆಯಾಗೋದು ಕಷ್ಟ ಅಂತ ಗೊತ್ತು, ಆದರೂ ಉಣ್ಣು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಧಾರಾಳವಾಗಿ ತಾ. ತುಪ್ಪ, ಪೇಡೆ ಮಾತ್ರ ಬೇಡ. ಹಾಲಿನ ಪದಾರ್ಥ, ಮಾಂಸ ಯುರೋಪಿಗೆ ಹೊರಗಿನಿಂದ ತರುವ ಹಾಗಿಲ್ಲ, ಏರ್‌ಪೋರ್ಟಿನಲ್ಲಿ ಸಿಕ್ಕರೆ ಕಸಿದುಕೊಳ್ತಾರೆ.

ಇನ್ನು ನೀನು ಕೇಳಿದ ಮಾತು. ಒಲ್ಲೆ ಅಂದರೆ ಯಾರೂ ಬೇಸರ ಮಾಡಿಕೊಳ್ಳೋದಿಲ್ಲ. ತೊಂದರೆ ಇರೋದೇ ಅಲ್ಲಿ.

ನಮ್ಮ ಕಡೆಯ ಉಪಚಾರ ನಿನಗೆ ಹೇಳಿಕೊಡಬೇಕಾಗಿಲ್ಲ. "ಒಲ್ರಿ, ಈಗರ ಉಂಡು ಬಂದೀನಿ" ಅಂತ ನಾವನ್ನಬೇಕು, "ಏ, ಹಂಗಂದ್ರ ಹೆಂಗ, ಅರ್ಧ ರೊಟ್ಟಿ ತಿನ್ರಿ" ಅಂತ ಅವರನ್ನಬೇಕು, ಇನ್ನೊಮ್ಮೆ ಒಲ್ಲೆ ಅನ್ನುವಷ್ಟರಲ್ಲಿ ತಾಟು ಮುಂದೆ ಬಂದಿರಬೇಕು. ಮೊದಲ ಮಾತಿಗೇ ಹೂಂ ಅಂದವನನ್ನು ಏನಂತಾರೆ ನಿನಗೆ ಗೊತ್ತು. ಇಲ್ಲಿನವರು ಒಂದೇ ಸಲ ಕೇಳ್ತಾರೆ. ಬೇಡ ಅಂದರೆ ನಿನ್ನ ಮಾತಿಗೆ ಬೆಲೆ ಕೊಟ್ಟು ಅಲ್ಲಿಗೇ ಬಿಡ್ತಾರೆ. ಎರಡನೇ ಸಲ ಕರೆದರೆ ಒತ್ತಾಯ ಮಾಡಿದ ಹಾಗಾಗುತ್ತೆ ಅಂತ ಅವರ ಲೆಕ್ಕ.

ಮೊದಲ ಚಳಿಗಾಲದಲ್ಲಿ ನನ್ನ ಪಕ್ಕದ ಮೇಜಿಗೆ ನಿವೃತ್ತಿ ಹತ್ತಿರ ಬಂದ ಒಬ್ಬ ಹಿರಿಯರು ಕೂರುತ್ತಿದ್ದರು. ಮಾತು ಕಡಿಮೆ. ಬಾಂಬರ್ಗ್ ಕಡೆಯ ಹಳ್ಳಿಯವರು. ಫ್ರಾಂಕೋನಿಯಾ ಅನ್ನುವ ಆ ಸೀಮೆಯಲ್ಲಿ ಸಣ್ಣ ಬ್ರೂವರಿಗಳು ಹಳ್ಳಿಹಳ್ಳಿಗೂ ಇವೆ. ಮುಂದೆ ಊಟದ ಮನೆ, ಹಿಂದೆ ತಾಮ್ರದ ಹಂಡೆ, ಮೇಲೆ ಯಜಮಾನರ ಸಂಸಾರ. ಅಂಥ ಮನೆಯೊಂದು ಅವರ ಊರಲ್ಲೂ ಇತ್ತು. ಒಂದು ಗುರುವಾರ, "ಶನಿವಾರ ಬಾ, ನಮ್ಮೂರ ಪಿಲ್ಸ್ ಕುಡಿದು ನೋಡು" ಅಂದರು. ನನಗೆ ಹೋಗುವ ಆಸೆ ಬಹಳ ಇತ್ತು. ಕುಡಿಯೋದು ಬಿಡೋದು ಆಮೇಲಿನ ಮಾತು, ಆ ಊರ ಕತ್ತಲಲ್ಲಿ ಒಬ್ಬರ ಮನೆಯ ಕಡೆ ಹೋಗೋದೇ ಹಬ್ಬವಾಗಿತ್ತು. ಬಾಯಿಗೆ ಬಂದದ್ದು ಮಾತ್ರ, "ಇರಲಿ ಬಿಡಿ, ನಿಮಗ್ಯಾಕೆ ತೊಂದರೆ." ಅವರು ತಲೆಯಾಡಿಸಿದರು. ಶುಕ್ರವಾರ ಇಡೀ ದಿನ ಇನ್ನೊಮ್ಮೆ ಕರೀತಾರೆ ಅಂತ ಕಾದೆ. ಸಂಜೆ ಚೀಲ ಹೆಗಲಿಗೇರಿಸಿ, ವಾರಾಂತ್ಯ ಚೆನ್ನಾಗಿರಲಿ ಅಂದು ಹೋದರು. ಮತ್ತೆಂದೂ ಆ ಮಾತು ಬರಲಿಲ್ಲ.

ಮುಂದೆ ಅವರು ನಿವೃತ್ತರಾದರು. ಬ್ರೂವರಿಯ ಯಜಮಾನರಿಗೂ ವಯಸ್ಸಾಗಿತ್ತು, ಮಕ್ಕಳು ಬೇರೆ ಕೆಲಸ ಹಿಡಿದಿದ್ದರು. ಬಾಗಿಲು ಹಾಕಿದರು. ಬಹಳ ವರ್ಷದ ಮೇಲೆ ಸೈಕಲ್ಲಿನಲ್ಲಿ ಆ ಹಳ್ಳಿಗೆ ಹೋಗಿದ್ದೆ. ಊಟದ ಪಟ್ಟಿ ತೂಗುಹಾಕುವ ಗಾಜಿನ ಪೆಟ್ಟಿಗೆ ಗೋಡೆಗೆ ಇನ್ನೂ ಇತ್ತು, ಒಳಗೆ ಬಿಸಿಲಿಗೆ ಬಣ್ಣ ಹೋದ ಒಂದು ಹಾಳೆ, ಪಿಲ್ಸಿನ ಮುಂದೆ ಪೆನ್ನಿನಲ್ಲಿ ತಿದ್ದಿದ ಬೆಲೆ. ಅದರ ರುಚಿ ಹೇಗಿತ್ತು ಅಂತ ಈಗ ಯಾರನ್ನು ಕೇಳಲಿ?

ಆದ್ದರಿಂದ ಹೇಳ್ತೀನಿ ಕೇಳು. "ಬರ್ತೀನಿ, ಆದರೆ ನಾನು ಕುಡಿಯೋದಿಲ್ಲ" ಅಂತ ಎರಡನ್ನೂ ಒಂದೇ ಉಸಿರಿನಲ್ಲಿ ಬರೆದು ಕಳಿಸು. ಕಾರಣ ಕೊಡಬೇಡ, ಲಿಂಗಪೂಜೆ, ಅಪ್ಪ, ಹರಕೆ ಯಾವುದೂ ಬೇಡ. ಅಲ್ಲಿ ಹೋಗಿ ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದು ಕೇಳು, ಎಲ್ಲ ಕಡೆ ಇರುತ್ತೆ. ಆಲ್ಕೋಹಾಲ್ ಇಲ್ಲ ಅಂತ ಚೀಟಿ ಅಂಟಿಸಿದ ಬಿಯರಿನಲ್ಲೂ ಇಲ್ಲಿನ ಕಾನೂನಿನ ಪ್ರಕಾರ 0.5 ಶೇಕಡಾದವರೆಗೆ ಇರಬಹುದು. ನಿನ್ನ ನೇಮ ಗಟ್ಟಿಯಾಗಿದ್ದರೆ 0.0 ಅಂತ ಬರೆದದ್ದನ್ನೇ ತಗೋ. ಗ್ಲಾಸು ತಾಕಿಸುವಾಗ ಎದುರಿನವರ ಕಣ್ಣು ನೋಡು. ನಮ್ಮ ಕಡೆ ಹಿರಿಯರ ಮುಂದೆ ತಲೆ ತಗ್ಗಿಸ್ತೀವಲ್ಲ, ಇಲ್ಲಿ ಹಾಗೆ ಮಾಡಿದರೆ ಏನೋ ಮುಚ್ಚಿಡ್ತಿದ್ದಾನೆ ಅಂದುಕೊಳ್ತಾರೆ.

ಕುಡಿಯುವ ಮನಸ್ಸಾದರೆ ಅದೂ ನಿನ್ನಿಷ್ಟ, ಆದರೆ ನಮ್ಮೂರ ಲೆಕ್ಕದಲ್ಲಿ ಕುಡಿಯಬೇಡ. ನಾವು ಕಂಡದ್ದು ವೈನ್ ಶಾಪಿನ ಹಿಂದಿನ ಗೋಡೆ, 90 ಎಂ.ಎಲ್. ಪಾಕೀಟು, ಯಾರಾದರೂ ನೋಡುವ ಮೊದಲು ಒಂದೇ ಗುಟುಕು. ಬಿಯರ್ ಅಂದರೂ ಸ್ಟ್ರಾಂಗೇ ಆಗಬೇಕು. ಪಿಲ್ಸ್ ಸುಮಾರು 5 ಶೇಕಡಾದ್ದು, ಟೇಸ್ಟಿಂಗಿನಲ್ಲಿ ಕೊಡೋದು ಸಣ್ಣ ಗ್ಲಾಸು. ಒಮ್ಮೆ ಸುರಿದು ನೊರೆ ಇಳಿಯಲು ಬಿಡ್ತಾರೆ, ಮತ್ತೆ ಸುರೀತಾರೆ, ಮತ್ತೆ ಕಾಯ್ತಾರೆ. ಕಡೆಗೆ ನೊರೆ ಗ್ಲಾಸಿನ ಅಂಚಿಗಿಂತ ಮೇಲೆ ದುಂಡಗೆ ನಿಲ್ಲುತ್ತೆ. ಮೊದಲು ಮೂಸಿ ನೋಡು, ಹಸಿ ಹುಲ್ಲಿನ ವಾಸನೆ ಬರುತ್ತೆ, ಅದು ಹಾಪ್ಸ್, ಬಿಯರಿಗೆ ಕಹಿ ಕೊಡುವ ಹೂವು. ಬಾಯಲ್ಲಿ ಮೊದಲು ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ತೆಳು ಸಿಹಿ. ನುಂಗಿದ ಮೇಲೆ ನಾಲಿಗೆಯ ಹಿಂದೆ ಕಹಿ ಏಳುತ್ತೆ, ರೊಟ್ಟಿ ಜೊತೆ ಹಸಿ ಮೆಂತೆಸೊಪ್ಪು ಕಚ್ಚಿದಾಗ ಬರುತ್ತಲ್ಲ, ಅಂಥದ್ದು. ಮೊದಲ ಗುಟುಕಿಗೆ ಮುಖ ಕಿವುಚಿದರೆ ನಾಚಿಕೊಳ್ಳಬೇಡ.

ಕೊನೆಗೂ ನಾನು ಇಂಥದ್ದಕ್ಕೆ ಹೋದದ್ದು ಫೋರ್ಖ್‌ಹೈಮ್ ಹತ್ತಿರದ ಇನ್ನೊಂದು ಸಣ್ಣ ಬ್ರೂವರಿಗೆ. ಬಿಯರ್ ಮಾಡುವಾತ ಮೊದಲು ಎಲ್ಲರ ಮುಂದೆ ಎರಡೆರಡು ಗ್ಲಾಸು ನೀರಿಟ್ಟ, ಒಂದು ಬಾವಿಯದ್ದು, ಇನ್ನೊಂದು ಶುದ್ಧ ಮಾಡಿದ್ದು. ಯಾವುದು ಯಾವುದು ಹೇಳಿ ಅಂದ. ಉಳಿದವರು ಯೋಚಿಸ್ತಾ ಕೂತಿದ್ದರು, ನಾನು ನಾಲಿಗೆಗೆ ತಾಕಿಸಿದ ತಕ್ಷಣ ಹೇಳಿದೆ. ನೀನು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದವನು. ನಾನು ಕುಷ್ಟಗಿಯವನು, ಸವುಳು ಬೋರು, ಫ್ಲೋರೈಡಿಗೆ ಕಂದಾದ ಹಲ್ಲು, ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ಪಾಳಿ. ನೀರಿನ ವಿಷಯದಲ್ಲಿ ನನಗೆ ಪಾಠ ಬೇಕಾ? "ಎಲ್ಲಿಯವರು ನೀವು?" ಅಂತ ಆತ ಕೇಳಿದಾಗ ಕೊಪ್ಪಳ ಜಿಲ್ಲೆ ಅಂತ ಅಷ್ಟು ಗಟ್ಟಿಯಾಗಿ ಈ ದೇಶದಲ್ಲಿ ಅಲ್ಲಿಯವರೆಗೆ ನಾನು ಹೇಳಿರಲಿಲ್ಲ.

ಪಿಲ್ಸಿನ ಗುಟ್ಟೆಲ್ಲ ನೀರಿನಲ್ಲೇ ಇದೆ. ಈಗಿನ ಚೆಕ್ ದೇಶದ ಪಿಲ್ಸೆನ್ ಊರಲ್ಲಿ 1838ರಲ್ಲಿ ಬಿಯರ್ ಎಷ್ಟು ಕೆಟ್ಟಿತ್ತೆಂದರೆ 36 ಪೀಪಾಯಿಗಳನ್ನು ಪುರಭವನದ ಮುಂದೆ ಸುರಿದುಬಿಟ್ಟರಂತೆ. ಆಮೇಲೆ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಅನ್ನುವವನನ್ನು ಕರೆಸಿದರು. ಅವನೂ ನಮ್ಮ ಹಾಗೆ ಹೊಟ್ಟೆಪಾಡಿಗೆ ಗಡಿ ದಾಟಿದವನೇ. 1842ರ ಅಕ್ಟೋಬರಿನಲ್ಲಿ ಅವನು ಕಾಯಿಸಿದ್ದು ಮೊದಲ ಪಿಲ್ಸ್. ಹೊಗೆ ತಾಕದ ಹಾಗೆ ಒಣಗಿಸಿದ ತಿಳಿ ಬಣ್ಣದ ಮಾಲ್ಟು, ಝಾಟೆಟ್ಸ್ ಕಡೆಯ ಹಾಪ್ಸ್, ತಣ್ಣನೆಯ ನೆಲಮಾಳಿಗೆಯಲ್ಲಿ ನಿಧಾನಕ್ಕೆ ಕೆಲಸ ಮಾಡುವ ಯೀಸ್ಟು. ಇವೆಲ್ಲಕ್ಕೂ ಪಿಲ್ಸೆನ್ನಿನ ಸಿಹಿನೀರು ಸೇರಿತು, ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಸುಣ್ಣದಂಶ ಜಾಸ್ತಿಯಿರುವ ಗಡಸು ನೀರಿನಲ್ಲಿ ಹಾಪ್ಸಿನ ಕಹಿ ಒರಟಾಗಿ ಗಂಟಲು ಹಿಡಿಯುತ್ತೆ. ಹಾಗಾಗಿಯೇ ಗಡಸು ನೀರಿನ ಮ್ಯೂನಿಕ್ ಕಪ್ಪು ಬಿಯರಿಗೆ ಹೆಸರಾಯಿತು, ಹುರಿದ ಮಾಲ್ಟಿನ ಹುಳಿಯಂಶ ಅಂಥ ನೀರಿಗೆ ಹೊಂದುತ್ತೆ. ಈಗ ಎಲ್ಲರೂ ನೀರನ್ನು ಬೇಕಾದ ಹಾಗೆ ಹದ ಮಾಡಿಕೊಳ್ತಾರೆ. ಫೋರ್ಖ್‌ಹೈಮಿನಾತ ಹದದ ಮೇಲೂ ಸ್ವಲ್ಪ ಗಡಸು ಉಳಿಸಿಕೊಂಡಿದ್ದ, ನಮ್ಮ ಬಾವಿಯ ಗುರುತು ಇರಲಿ ಅಂತ. ಅವನ ಪಿಲ್ಸು ನನಗೆ ಅಷ್ಟೇನೂ ಹಿಡಿಸಲಿಲ್ಲ, ಕಹಿ ಜಾಸ್ತಿಯಾಗಿತ್ತು. ಆ ಹಟ ಹಿಡಿಸಿತು.

ಸೈಕಲ್ಲಿನಲ್ಲಿ ಹೋಗಿ ಕುಡಿದು ಬರಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡ. ಕುಡಿದು ಸೈಕಲ್ ಹೊಡೆದರೂ ಇಲ್ಲಿ ಕೇಸು ಬೀಳುತ್ತೆ, ಡ್ರೈವಿಂಗ್ ಲೈಸೆನ್ಸೂ ಹೋಗಬಹುದು. ಹಳ್ಳಿ ಕಡೆಯ ಕೊನೇ ಬಸ್ಸಿನ ಹೊತ್ತು ಮೊದಲೇ ನೋಡಿಟ್ಟುಕೋ. ತಿರುಗಿ ಕೊಡುವ ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8 ಸೆಂಟ್ ಠೇವಣಿ ಇರುತ್ತೆ, ಎಸೆಯಬೇಡ.

ಮನೆಯವರಿಗೆ ಹೇಳಲೋ ಬೇಡವೋ ಅಂತ ಕೊನೆಗೆ ಕೇಳಿದ್ದೀ. ಅದು ನಿನಗೂ ನಿಮ್ಮಪ್ಪಾರಿಗೂ ಬಿಟ್ಟದ್ದು, ನಾನು ಬಾಯಿ ಹಾಕೋದಿಲ್ಲ.

ಬೇಸಿಗೆ ಬಂದ ಮೇಲೆ ಫೋನ್ ಮಾಡು. ಇಲ್ಲಿನ ಹಳೇ ಪದ್ಧತಿಯ ಬಿಯರ್ ಗಾರ್ಡನ್ನುಗಳಲ್ಲಿ ಕುಡಿಯೋದು ಅವರದ್ದೇ ಆಗಬೇಕು, ತಿನ್ನೋದು ನಾವೇ ಕಟ್ಟಿಕೊಂಡು ಹೋಗಬಹುದು. ಮರದ ಕೆಳಗೆ ಬುತ್ತಿ ಬಿಚ್ಚಿ ರೊಟ್ಟಿ ಮುರಿದರೆ ಪಕ್ಕದ ಮೇಜಿನವರು ಅದೇನು ಅಂತ ಕೇಳೇ ಕೇಳ್ತಾರೆ. ಒಂದು ತುಂಡು ಕೊಡು. ಒಲ್ಲೆ ಅಂದರೂ ಇನ್ನೊಮ್ಮೆ ಕೇಳು, ನಮ್ಮ ಪದ್ಧತಿ ನಾವ್ಯಾಕೆ ಬಿಡಬೇಕು. ಗುರೆಳ್ಳು ಹಿಂಡಿ ಮಾತ್ರ ನನಗೆ ಬೇರೆ ತಾ, ಅರ್ಧ ಕಿಲೋ, ಖಾರ ಮುಂದಾಗಿರಲಿ ಅಂತ ನಿಮ್ಮ ಅವ್ವಾರಿಗೆ ಹೇಳು.