ಗುರುಗಳೇ, ಬಾಡಿಗೆ ರಸೀದಿ ಕೊಟ್ಟುಬಿಡಿ

ಓದುಗರ ಪತ್ರ: ನಾನು ನಿವೃತ್ತ ಶಿಕ್ಷಕ, ಪಿಂಚಣಿ ತಿಂಗಳಿಗೆ 42,000 ರೂಪಾಯಿ. ಬಾಗಲಕೋಟೆ ನವನಗರದಲ್ಲಿ ಸ್ವಂತ ಮನೆ. ಸಾಲ ಮಾಡಿ ಮಹಡಿ ಮೇಲೆ ಎರಡು ಮನೆ ಕಟ್ಟಿಸಿದ್ದೇನೆ. ಬಾಡಿಗೆ ಒಂದಕ್ಕೆ 9,000, ಇನ್ನೊಂದಕ್ಕೆ 7,000. 9,000 ಕೊಡುವ ಬಾಡಿಗೆದಾರ ತನ್ನ ಆಫೀಸಿಗೆ ರಸೀದಿ, ನನ್ನ ಪ್ಯಾನ್ ನಂಬರ್ ಕೇಳುತ್ತಿದ್ದಾನೆ. ಕೊಟ್ಟರೆ ತೆರಿಗೆ ಬೀಳುತ್ತದೆ, ಮನೆ ಹೆಂಡತಿ ಹೆಸರಿಗೆ ಮಾಡಿಬಿಡಿ ಅಂತ ಓಣಿಯವರು ಹೇಳುತ್ತಾರೆ. ಏನು ಮಾಡಲಿ?

ಸಂಪಾದಕರ ಉತ್ತರ: ಗುರುಗಳೇ, ರಸೀದಿ ಕೊಡಿ, ಪ್ಯಾನ್ ನಂಬರನ್ನೂ ಕೊಡಿ. ಆ ಹುಡುಗ ವರ್ಷಕ್ಕೆ 1,08,000 ಬಾಡಿಗೆ ಕಟ್ಟುತ್ತಾನೆ. ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಇಲ್ಲದೆ ಅವನಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಸಿಗುವುದಿಲ್ಲ. ಅವನು ಕೇಳುತ್ತಿರುವುದು ನ್ಯಾಯವಾದದ್ದೇ.

ಇನ್ನು ನಿಮ್ಮ ಭಯ. 2025-26ರ ಲೆಕ್ಕ ಹಾಕಿ ನೋಡೋಣ. ಬಾಡಿಗೆ ಒಟ್ಟು 1,92,000. ಬಾಡಿಗೆ ಮನೆಗಳ ಪಾಲಿನ ಮನೆಪಟ್ಟಿ, ಅಂದರೆ ಆಸ್ತಿ ತೆರಿಗೆ, 4,000 ಕಟ್ಟಿದ್ದೀರಿ ಅಂತಿಟ್ಟುಕೊಳ್ಳಿ, ಉಳಿದದ್ದು 1,88,000. ಇದರಲ್ಲಿ ಶೇ 30, ಅಂದರೆ 56,400 ಸೀದಾ ಕಳೆಯಬಹುದು. ರಿಪೇರಿಗೆ, ಸುಣ್ಣಬಣ್ಣಕ್ಕೆ ಅಂತ ಇರುವ ಕಡಿತ ಅದು. ಒಂದು ರೂಪಾಯಿ ಖರ್ಚು ಮಾಡದಿದ್ದರೂ ಅಷ್ಟೇ, ಮಾಳಿಗೆ ಸೋರಿ ಒಂದು ಲಕ್ಷ ಸುರಿದರೂ ಅಷ್ಟೇ. ಆಮೇಲೆ ಸಾಲದ ಬಡ್ಡಿ. ಅಸಲು ಲೆಕ್ಕಕ್ಕೆ ಬರುವುದಿಲ್ಲ, ಬಡ್ಡಿ ಮಾತ್ರ. ಅದು 60,000 ಆದರೆ ಉಳಿಯುವುದು 71,600.

ಪಿಂಚಣಿ 5,04,000ದಲ್ಲಿ ಪಿಂಚಣಿದಾರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು, ಬಾಡಿಗೆಯ ಈ 71,600 ಕೂಡಿಸಿದರೆ 5,00,600. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ (ತೆರಿಗೆ ಮನ್ನಾ) ಇದೆ, ಅಂದರೆ ತೆರಿಗೆ ಸೊನ್ನೆ! ಬ್ಯಾಂಕ್ ಬಡ್ಡಿ ಏನಾದರೂ ಬರುತ್ತಿದ್ದರೆ ಅದನ್ನೂ ಸೇರಿಸಿ, ಆದರೂ ಗಾಬರಿಯಾಗುವಂಥದ್ದೇನಿಲ್ಲ. ಆದಾಯ 4 ಲಕ್ಷ ದಾಟಿರುವುದರಿಂದ ರಿಟರ್ನ್ ಮಾತ್ರ ತುಂಬಲೇಬೇಕು. ಸೊನ್ನೆ ತೆರಿಗೆಗೆ ಹೆದರಿ ಬಾಡಿಗೆ ಮುಚ್ಚಿಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಹೆಂಡತಿ ಹೆಸರಿಗೆ ಮಾಡುವ ಮಾತು ಬಿಡಿ. ಸುಮ್ನೆ ಬರೆದುಕೊಟ್ಟ ಮನೆಯ ಬಾಡಿಗೆಯನ್ನು ಕಾನೂನು ನಿಮ್ಮ ಆದಾಯಕ್ಕೇ ಸೇರಿಸುತ್ತದೆ. ನೋಂದಣಿ ಖರ್ಚು ಮೈಮೇಲೆ ಬರುತ್ತದೆ, ಅಷ್ಟೇ. ಅಮ್ಮನವರು ಸ್ವಂತ ದುಡ್ಡು ಹಾಕಿ ಪಾಲು ತಗೊಂಡಿದ್ದರೆ ಅದು ಬೇರೆ ಮಾತು.

ಮನೆಪಟ್ಟಿಯನ್ನು ನೀವೇ ಕಟ್ಟಿ. ಬಾಡಿಗೆದಾರ ಕಟ್ಟಿದರೆ ನಿಮಗೆ ಕಡಿತ ಇಲ್ಲ. ಯಾವ ವರ್ಷ ಕಟ್ಟಿದಿರೋ ಆ ವರ್ಷಕ್ಕೇ ಲೆಕ್ಕ, ಅದಕ್ಕೇ ಚೀಟಿ ಜೋಪಾನ. ನಮ್ಮ ಅವ್ವ ಬಾಡಿಗೆ ಬಂದ ಕೂಡಲೇ ಕ್ಯಾಲೆಂಡರಿನ ಆ ತಾರೀಖಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದಳು, ಬರೋಬ್ಬರಿ ಲೆಕ್ಕ. ಮನೆಪಟ್ಟಿ ಚೀಟಿ ಮಾತ್ರ ದೇವರ ಜಗಲಿಯ ಮೇಲೆ, ಕುಂಕುಮದ ಬಟ್ಟಲ ಕೆಳಗೆ. ಬೇಕಾದಾಗ ತೆಗೆದರೆ ಎಣ್ಣೆ, ಕುಂಕುಮ ಹತ್ತಿ ಅಂಕಿಯೇ ಕಾಣುತ್ತಿರಲಿಲ್ಲ. ನೀವು ಇವತ್ತೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆ ಹುಡುಗನ ರಸೀದಿಯಲ್ಲಿ ತಿಂಗಳು, ಮೊತ್ತ, ಮನೆಯ ವಿಳಾಸ ಬರೆದು ಸಹಿ ಹಾಕಿ.